ಹತ್ತುವ ಗೇರಲ್ಲೇ ಇಳಿಯಿರಿ: ಸಣ್ಣ ಕಾರಲ್ಲಿ ತುಮಕೂರಿನಿಂದ ಚಾರ್ಮಾಡಿಗೆ

"ಈ ಡಬ್ಬಿ ಕಾರಲ್ಲಿ ಘಾಟಿಗಾ?" ಅಂತ ಕೇಳುವವರು ನಿಮ್ಮ ಬೀದಿಯಲ್ಲೂ ಒಬ್ಬರಾದರೂ ಇರುತ್ತಾರೆ. ಧಾರಾಳವಾಗಿ ಹೋಗಬಹುದು. 800 ಸಿಸಿ ಕಾರು ಚಾರ್ಮಾಡಿ ಇಳಿಯುತ್ತದೆ, ವಾಪಸ್ ಹತ್ತುತ್ತದೆ. ಕಿರಿದಾದ ತಿರುವಲ್ಲಿ ಎದುರಿಗೆ ಬಸ್ಸು ಬಂದರೆ ದೊಡ್ಡ ಕಾರಿನವರು ಬೆವರುತ್ತಿರುತ್ತಾರೆ, ನೀವು ಆಗಲೇ ಪಕ್ಕಕ್ಕೆ ಸರಿದು ನಿಂತಿರುತ್ತೀರಿ. ಘಾಟಿಯಲ್ಲಿ ಸಣ್ಣ ಕಾರು ಕೆಡುವುದು ಬಹುಪಾಲು ನಮ್ಮ ಗೇರಿನ ಅಭ್ಯಾಸದಿಂದ.

ದಾರಿ ಹುಡುಕುವ ಕೆಲಸವೂ ಇಲ್ಲ. ನಮ್ಮೂರನ್ನು ಮಂಗಳೂರಿಗೆ ಸೇರಿಸುವ ರಾಷ್ಟ್ರೀಯ ಹೆದ್ದಾರಿ 73 ಹಿಡಿದರೆ ತಿಪಟೂರು, ಅರಸೀಕೆರೆ, ಬಾಣಾವರ, ಜಾವಗಲ್, ಹಳೇಬೀಡು, ಬೇಲೂರು, ಮೂಡಿಗೆರೆ, ಆಮೇಲೆ ಕೊಟ್ಟಿಗೆಹಾರ. ಅಲ್ಲಿಂದ ಘಾಟಿ. ನಮ್ಮ ಕಡೆಯಿಂದ ಹೋಗುವವರು ಒಂದು ವಿಷಯ ಮರೆಯುತ್ತಾರೆ: ನಮಗೆ ಘಾಟಿ ಮೊದಲು ಸಿಗುವುದು ಇಳಿಜಾರಾಗಿ. ಹೋಗುವಾಗ ಪರೀಕ್ಷೆ ಬ್ರೇಕಿಗೆ, ಬರುವಾಗ ಕ್ಲಚ್ಚಿಗೆ.

ಮೊದಲು ದೇವರಾಯನದುರ್ಗ

ಚಾರ್ಮಾಡಿಗೆ ಹೋಗುವ ವಾರಕ್ಕೆ ಮುಂಚೆ ಒಂದು ಬೆಳಿಗ್ಗೆ ದೇವರಾಯನದುರ್ಗಕ್ಕೆ ಹೋಗಿ ಬನ್ನಿ. ತುಮಕೂರಿನಿಂದ ಸುಮಾರು 15 ಕಿ.ಮೀ. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ, ಇಬ್ಬರ ನಡುವಿನ ಏರುದಾರಿಯೇ ನಮ್ಮ ಪಾಠಶಾಲೆ. ಭಾನುವಾರ ಬೇಡ, ಜನ ಜಾಸ್ತಿ. ಕಿಟಕಿ ಪೂರ್ತಿ ತೆಗೆದಿಡಬೇಡಿ, ಕೋತಿಗಳು ಒಳಗೇ ಬರುತ್ತವೆ.

ಇಲ್ಲಿ ಕಲಿಯಬೇಕಾದ್ದು ಏರಲ್ಲಿ ನಿಂತ ಕಾರನ್ನು ಹಿಂದಕ್ಕೆ ಜಾರಿಸದೆ ಹೊರಡಿಸುವುದು. ಹಿಂದೆ ಯಾರೂ ಇಲ್ಲದ, ಮುಂದೆ ದೂರದವರೆಗೆ ಕಾಣುವ ಜಾಗ ನೋಡಿ ಎಡಕ್ಕೆ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆಯಿರಿ, ಮೊದಲ ಗೇರ್ ಹಾಕಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ, ಕ್ಲಚ್ಚನ್ನು ನಿಧಾನಕ್ಕೆ ಬಿಡುತ್ತಾ ಬನ್ನಿ. ಒಂದು ಹಂತದಲ್ಲಿ ಇಂಜಿನ್ ಸದ್ದು ದಪ್ಪಗಾಗಿ ಕಾರಿನ ಮೂತಿ ಒಂಚೂರು ಮೇಲೇಳುತ್ತದೆ. ಕ್ಲಚ್ ಹಿಡಿಯುವ ಜಾಗ ಅದು. ಆಗ ಹ್ಯಾಂಡ್ ಬ್ರೇಕ್ ಬಿಡಿ. ಹತ್ತು ಸಲ ಮಾಡಿದರೆ ಕಾಲಿಗೆ ತಾನೇ ಗೊತ್ತಾಗುತ್ತದೆ. ಕೆಲವರು ಏರಲ್ಲಿ ನಿಂತಾಗ ಬ್ರೇಕ್ ಬಿಟ್ಟು ಅರ್ಧ ಕ್ಲಚ್ಚಲ್ಲೇ ಕಾರು ಹಿಡಿದಿರುತ್ತಾರೆ. ನೋಡೋಕೆ ಜಾಣತನ, ಆದರೆ ಕ್ಲಚ್ ಪ್ಲೇಟ್ ಸುಡುವುದು ಹಾಗೇನೇ.

ಹೊರಡುವ ಮುಂಚೆ

ಎಲ್ಲವನ್ನೂ ನೋಡಿಸಿ ಅಂತ ಹೇಳಲ್ಲ, ನಾಲ್ಕೈದು ಸಾಕು. ಮುಂದಿನ ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ, ಬ್ರೇಕ್ ಆಯಿಲ್ ಬದಲಾಯಿಸಿ ಎರಡು ವರ್ಷ ಆಯಿತಾ ಅಂತ ಮೆಕ್ಯಾನಿಕ್ ಹತ್ತಿರ ಕೇಳಿ. ಈ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ತೇವ ಹೀರಿದ್ದು ಬಿಸಿಗೆ ಬೇಗ ಕುದಿಯುತ್ತದೆ, ಕುದ್ದು ಗುಳ್ಳೆ ಬಂದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ಕೂಲೆಂಟ್ ಮಟ್ಟ, ವೈಪರ್ ಬ್ಲೇಡ್, ಸ್ಟೆಪ್ನಿಯಲ್ಲಿ ಗಾಳಿ ನೋಡಿ. ಸ್ಟೆಪ್ನಿ ಚೆನ್ನಾಗಿದ್ದು ಜಾಕ್ ಮನೆಯಲ್ಲಿ ಉಳಿದ ಕಥೆ ನನಗೊಬ್ಬನಿಗೇ ಅಲ್ಲ ಅಂದುಕೊಂಡಿದ್ದೇನೆ. ಟೈರ್ ಗಾಳಿ ಎಷ್ಟಿರಬೇಕು ಅಂತ ಚಾಲಕನ ಬಾಗಿಲ ಹತ್ತಿರದ ಸ್ಟಿಕ್ಕರಲ್ಲಿ ಬರೆದಿರುತ್ತದೆ. ಪಂಕ್ಚರ್ ಅಂಗಡಿಯವನು ಹೇಳಿದ್ದಲ್ಲ, ಅದನ್ನು ನೋಡಿ ಹಾಕಿಸಿ.

ಮಳೆಗಾಲದಲ್ಲಿ ಚಾರ್ಮಾಡಿ ನೋಡೋಕೆ ಚಂದ, ಓಡಿಸೋಕೆ ಕಷ್ಟ. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ದಾರಿಯೇ ಬಂದ್ ಆಗಿತ್ತು. ಮೊದಲ ಸಲ ಹೋಗುವವರಿಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಜೂನ್ ದಾಟಿದ ಮೇಲೆ ಹೋಗಲೇಬೇಕಿದ್ದರೆ ಘಾಟಿ ತೆರೆದಿದೆಯಾ ಅಂತ ಮೂಡಿಗೆರೆಯಲ್ಲೇ ವಿಚಾರಿಸಿ. ರಾತ್ರಿ ಮಾತ್ರ ಬೇಡ.

ತೂಕ ಮತ್ತು ಬ್ರೇಕ್

ನನ್ನ ಮೊದಲ ಚಾರ್ಮಾಡಿ ಹೇಳುತ್ತೇನೆ. ಕಾರಲ್ಲಿ ಐದು ಜನ, ಡಿಕ್ಕಿಯಲ್ಲಿ 40 ತೆಂಗಿನಕಾಯಿ. ಉಜಿರೆಯ ನೆಂಟರಿಗೆ. ಕರಾವಳಿಗೆ ಯಾರಾದರೂ ಕಾಯಿ ಹೊತ್ತುಕೊಂಡು ಹೋಗುತ್ತಾರಾ? ತಿಪಟೂರು ಕಾಯಿಯ ರುಚಿ ಅವರಿಗೆ ತೋರಿಸಲೇಬೇಕು ಅಂತ ಅಮ್ಮನ ಹಟ. ಪೆಟ್ರೋಲ್ ಉಳಿಸುವ ಆಸೆಗೆ ನಾಲ್ಕನೇ ಗೇರಲ್ಲಿ, ಕೆಲವು ಕಡೆ ನ್ಯೂಟ್ರಲ್‌ನಲ್ಲೇ ಬಿಟ್ಟು, ತಿರುವು ಬಂದಾಗೆಲ್ಲ ಬ್ರೇಕ್ ತುಳಿಯುತ್ತಾ ಇಳಿದೆ. ಅರ್ಧ ಘಾಟಿಯಲ್ಲಿ ಸುಟ್ಟ ವಾಸನೆ. ಕೆಳಗಿಳಿದು ನೋಡಿದರೆ ಮುಂದಿನ ಚಕ್ರದಲ್ಲಿ ಹೊಗೆ. ಬಾಟಲಿ ನೀರು ಸುರಿಯಲು ಹೋದೆ. ಅಲ್ಲೇ ಬಸ್ಸು ನಿಲ್ಲಿಸಿದ್ದ ಡ್ರೈವರಣ್ಣ ಕೂಗಿದರು: "ಏ ಸ್ವಾಮಿ, ನೀರು ಹಾಕ್ಬೇಡಿ, ಡಿಸ್ಕ್ ಸೊಟ್ಟ ಆಗುತ್ತೆ! ಯಾವ ಗೇರಲ್ಲಿ ಬಂದ್ರಿ?"

"ನಾಲ್ಕು."

"ಇದೇ ರೋಡು ಹತ್ಬೇಕಾದ್ರೆ ಯಾವ್ದು ಹಾಕ್ತೀರಿ?"

"ಎರಡು."

"ಇಳಿಯೋಕೂ ಅದೇ ಹಾಕಿ." ಅಷ್ಟು ಹೇಳಿ ಬಸ್ಸು ಹತ್ತಿದರು.

ಆ ಒಂದು ಮಾತಲ್ಲಿ ಘಾಟಿ ಇಳಿಯುವ ವಿದ್ಯೆ ಪೂರ್ತಿ ಇದೆ. ಎರಡನೇ ಗೇರಲ್ಲಿ ಇಂಜಿನ್ನೇ ಕಾರನ್ನು ಹಿಡಿದಿಡುತ್ತದೆ. ಸದ್ದು ಜೋರಾಗುತ್ತದೆ, ಹೆದರಬೇಡಿ. ಬ್ರೇಕ್ ಮೇಲೆ ಸುಮ್ನೆ ಕಾಲಿಟ್ಟುಕೊಂಡೇ ಇರಬೇಡಿ: ವೇಗ ಏರಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ, ಬಿಟ್ಟುಬಿಡಿ, ಅದಕ್ಕೆ ತಣಿಯಲು ಸಮಯ ಸಿಗಲಿ. ಇನ್ನು ಪೆಟ್ರೋಲ್ ಲೆಕ್ಕ. ಈಗಿನ ಕಾರುಗಳಲ್ಲಿ ಗೇರ್ ಹಾಕಿ, ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಜಿನ್‌ಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ, ಚಕ್ರವೇ ಇಂಜಿನ್ ತಿರುಗಿಸುತ್ತಿರುತ್ತದೆ. ನ್ಯೂಟ್ರಲ್ ಹಾಕಿದರೆ ಇಂಜಿನ್ ಆಫ್ ಆಗದಿರಲು ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ. ಅಂದರೆ ನಾನು ಉಳಿಸಿದ್ದು ಏನೂ ಇಲ್ಲ! ಇಂಜಿನ್ ಆಫ್ ಮಾಡಿ ಇಳಿಯುವ ಮಹಾಶಯರೂ ಇದ್ದಾರೆ. ಹಾಗೆ ಮಾಡಿದರೆ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಬ್ರೇಕ್ ಕಲ್ಲಾಗುತ್ತದೆ, ಪವರ್ ಸ್ಟೀರಿಂಗೂ ಬಿಗಿಯಾಗುತ್ತದೆ.

ತಿರುವು, ಮಂಜು, ವಾಪಸ್ ಹತ್ತುವುದು

ಹೇರ್‌ಪಿನ್ ತಿರುವಿಗೆ ಮುಂಚೆಯೇ ಗೇರ್ ಇಳಿಸಿ, ತಿರುವಿನ ಮಧ್ಯದಲ್ಲಿ ಅಲ್ಲ. ಹಾರ್ನ್ ಹೊಡೆಯಿರಿ, ನಿಮ್ಮ ಎಡ ಬಿಡಬೇಡಿ. ಬಸ್ಸಿಗೆ ತಿರುಗಲು ಪೂರ್ತಿ ರಸ್ತೆ ಬೇಕಾಗುತ್ತದೆ, ಆದ್ದರಿಂದ ದೂರದಲ್ಲಿ ಬಸ್ಸು ಕಂಡರೆ ತಿರುವಿನ ಮೊದಲೇ ನಿಂತುಬಿಡಿ. ರಸ್ತೆ ಕಿರಿದಾದ ಕಡೆ ಇಳಿಯುವ ಗಾಡಿ ನಿಂತು ಹತ್ತುವ ಗಾಡಿಗೆ ದಾರಿ ಬಿಡಬೇಕು. ಇದು ನಿಯಮವೇ, ಔದಾರ್ಯ ಅಲ್ಲ.

ಮಂಜು ಬಂದರೆ ಹೆಡ್‌ಲೈಟ್ ಡಿಮ್‌ನಲ್ಲೇ ಇರಲಿ. ಹೈಬೀಮ್ ಹಾಕಿದರೆ ಬೆಳಕೆಲ್ಲ ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಒಳಗಿನಿಂದ ಗಾಜು ಮಸುಕಾದರೆ ಬಟ್ಟೆಯಿಂದ ಒರೆಸುತ್ತಾ ಕೂರದೆ ಎಸಿ ಹಾಕಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ.

ಹತ್ತುವಾಗ ಮಾತ್ರ ಎಸಿ ಆಫ್. ಸಣ್ಣ ಇಂಜಿನ್‌ಗೆ ಅದೂ ಒಂದು ಹೊರೆಯೇ. ಮೂರನೇ ಗೇರಲ್ಲಿ ಏದುಸಿರು ಬಿಡುತ್ತಿದೆ ಅನ್ನಿಸಿದರೆ ಕೂಡಲೇ ಎರಡಕ್ಕೆ ಬನ್ನಿ, ಕಡಿದಾದ ತಿರುವಲ್ಲಿ ಒಂದಕ್ಕೂ ಬರಬೇಕಾಗಬಹುದು, ಅದರಲ್ಲಿ ನಾಚಿಕೆ ಏನೂ ಇಲ್ಲ. ಟೆಂಪರೇಚರ್ ಏರಿದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಆದರೆ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ. ಒಳಗಿನ ನೀರು ಮುಖಕ್ಕೇ ಚಿಮ್ಮುತ್ತದೆ.

ಕೊಟ್ಟಿಗೆಹಾರ ತಲುಪಿದ ಮೇಲೆ ಕಾರಿಂದಿಳಿದು ಬಾನೆಟ್ ಹತ್ತಿರ ಒಮ್ಮೆ ಮೂಸಿ ನೋಡಿ. ಕ್ಲಚ್ ಸುಟ್ಟ ವಾಸನೆ ಇಲ್ಲದಿದ್ದರೆ ನೀರುದೋಸೆಗೆ ಹೇಳಿ. ಇದ್ದರೂ ಹೇಳಿ, ಹೇಗೂ ಅರ್ಧ ಗಂಟೆ ಕಾಯಬೇಕಲ್ವಾ.