ಅಡಿಕೆ ಧಾರಣೆ ಕೇಳಿಸುವ ಟಿವಿ

ಸಾಗರದ ಹತ್ತಿರದ ನಮ್ಮ ಹಳ್ಳಿಮನೆಯಲ್ಲಿ ಸಂಜೆ ಏಳಕ್ಕೆ ಒಂದು ನಿತ್ಯವಿಧಿಯಿದೆ. ಅಮ್ಮ ಕಿಟಕಿ ಪಕ್ಕದ ಆರಾಮಕುರ್ಚಿಯಲ್ಲಿ ಕುಳಿತು ಟಿವಿಯಲ್ಲಿ ಯೂಟ್ಯೂಬಿನ ಸ್ಥಳೀಯ ವಾರ್ತೆ ಹಾಕಿಸಿಕೊಳ್ಳುತ್ತಾಳೆ. ಕೊನೆಯಲ್ಲಿ ಬರುವ ಅಡಿಕೆ ಧಾರಣೆಯನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುತ್ತಾಳೆ. ಅಡಿಕೆಯ ಒಂದೊಂದು ಬಗೆಗೂ ಒಂದೊಂದು ಬೆಲೆ: ರಾಶಿ ಇಷ್ಟು, ಚಾಲಿ ಇಷ್ಟು, ಕೋಕ ಇಷ್ಟು. ಮೂರು ವರ್ಷದ ಹಿಂದೆ ಒಮ್ಮೆ ಆ ಪಟ್ಟಿಯ ಮೇಲೆ ಕಣ್ಣಾಡಿಸಿದೆ. ಚಾಲಿಯ ಬೆಲೆ ಒಂದೇ ದಿನದಲ್ಲಿ ಮೂವತ್ತಾರು ಸಾವಿರದಿಂದ ಅರವತ್ತಾರು ಸಾವಿರಕ್ಕೆ ಹಾರಿ, ಮರುದಿನ ಮತ್ತೆ ಮೂವತ್ತಾರಕ್ಕೆ ಬಂದು ಕೂತಿತ್ತು. ಅಮ್ಮನಿಗೆ ಕೇಳಿಸಿದ್ದೇ ಹಾಗೆ.

ಅವಳಿಗೆ ಈಗ 76. ಶಿವಮೊಗ್ಗದಲ್ಲಿ ಕಿವಿ ಪರೀಕ್ಷೆ ಮಾಡಿಸಿದಾಗ ಕೊಟ್ಟ ನಕ್ಷೆಯಲ್ಲಿ 1000 ಹರ್ಟ್ಸ್‌ವರೆಗೆ (ಸೆಕೆಂಡಿಗೆ ಇಷ್ಟು ಕಂಪನ ಎಂಬ ಅಳತೆ) ಗೆರೆ ಬಹುತೇಕ ಸಮವಾಗಿತ್ತು, 2000 ದಾಟಿದ ಮೇಲೆ ಗುಡ್ಡ ಇಳಿದಂತೆ ಕೆಳಗೆ ಹೋಗಿತ್ತು. ವಯಸ್ಸಾದವರ ಕಿವಿ ಸಾಮಾನ್ಯವಾಗಿ ಸೋಲುವುದೇ ಹೀಗೆ, ಮೊದಲು ಮೇಲಿನ ಕಂಪನಗಳು ಹೋಗುತ್ತವೆ. ಮಾತಿನ ಗಟ್ಟಿತನವೆಲ್ಲ ಕೆಳಗಿನ ಕಂಪನಗಳಲ್ಲಿ, ಅಂದರೆ ಅ, ಆ, ಓಗಳಲ್ಲಿದೆ. ಮಾತಿನ ಅರ್ಥವನ್ನು ಬಿಡಿಸಿ ಹೇಳುವ ಸ, ಶ, ತ, ಕಗಳ ಸದ್ದು ಹೆಚ್ಚಾಗಿ 2000 ಹರ್ಟ್ಸ್‌ನಿಂದ ಮೇಲಿದೆ. ಹಾಗಾಗಿ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಶ್ರವಣಯಂತ್ರ ಕೊಡಿಸಿದ್ದೂ ಆಯಿತು. ‘ಕಿವಿಯೊಳಗೆ ಜೀರುಂಡೆ ಕೂತ ಹಾಗಾಗುತ್ತದೆ’ ಎಂದು ಅದನ್ನು ದೇವರ ಗೂಡಿನಲ್ಲಿಟ್ಟಳು.

ಟಿವಿಯ ತಪ್ಪೂ ಇತ್ತು. 43 ಅಂಗುಲದ ತೆಳ್ಳನೆಯ ಟಿವಿ, ಅದರ ಎರಡು ಪುಟ್ಟ ಸ್ಪೀಕರುಗಳು ತಳದಲ್ಲಿ ನೆಲ ನೋಡುತ್ತಿವೆ. ಕೆಳಗಿನ ಕಂಪನಗಳು ಹೇಗೋ ಬಾಗಿ ಸುತ್ತಿಕೊಂಡು ಬರುತ್ತವೆ. ಮೇಲಿನವು ಟಾರ್ಚಿನ ಬೆಳಕಿನಂತೆ ನೇರ ಹೋಗುವಂಥವು, ಮೇಜಿಗೆ ಬಡಿದು ಚೆದುರುತ್ತವೆ. ಅಮ್ಮನ ಕಿವಿಗೆ ಯಾವುದು ಕಡಿಮೆಯೋ ಅದನ್ನೇ ಟಿವಿಯೂ ಕಡಿಮೆ ಕೊಡುತ್ತಿತ್ತು. ವಾಲ್ಯೂಮ್ ಏರಿಸಿದರೆ ಹೆಚ್ಚುತ್ತಿದ್ದದ್ದು ಗದ್ದಲ.

ಟಿವಿಗೆ ಹೊಸ ಸ್ಪೀಕರು ಕೊಂಡ ಕತೆ ಹೇಳುವ ಮೊದಲು ನನ್ನ ಹಳೆಯ ಪೆದ್ದುತನವನ್ನು ಒಪ್ಪಿಕೊಳ್ಳಬೇಕು. ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಎಸ್‌ಪಿ ರಸ್ತೆಯ ಅಂಗಡಿಯೊಂದರಿಂದ 5.1 ಸೆಟ್ಟು (ಐದು ಸ್ಪೀಕರು, ಒಂದು ಬೇಸ್ ಪೆಟ್ಟಿಗೆ) ಹೊತ್ತು ಊರಿಗೆ ತಂದಿದ್ದೆ. ಡಬ್ಬದ ಮೇಲೆ ಸಾವಿರಗಟ್ಟಲೆ ವ್ಯಾಟಿನ ಪಿಎಂಪಿಒ. ಕ್ಷಣಾರ್ಧದ ತುತ್ತತುದಿಯನ್ನು ಲೆಕ್ಕ ಹಾಕಿ, ಎಲ್ಲ ಚಾನೆಲ್ಲುಗಳದ್ದನ್ನೂ, ಅಂದರೆ ಒಂದೊಂದು ಸ್ಪೀಕರಿನ ಪಾಲನ್ನೂ, ಕೂಡಿಸಿ ಬರೆಯುವ ಸಂಖ್ಯೆ ಅದು. ಅದಕ್ಕೆ ಒಪ್ಪಿತವಾದ ಅಳತೆಗೋಲೇ ಇಲ್ಲ. ನೋಡಬೇಕಾದದ್ದು ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ವ್ಯಾಟು. ಆ ಸೆಟ್ಟಿನ ಬೇಸ್ ಪೆಟ್ಟಿಗೆಯನ್ನು ಮೂಲೆಗಿಟ್ಟೆ, ಮೂಲೆ ಅದನ್ನು ಇನ್ನೂ ಉಬ್ಬಿಸಿತು. ‘ಒಳಗೆ ಯಾರೋ ಭತ್ತ ಕುಟ್ಟುತ್ತಿದ್ದಾರೆ, ಮಾತಾಡುವವರು ಹಿತ್ತಿಲಲ್ಲಿದ್ದಾರೆ’ ಎಂದಳು ಅಮ್ಮ. ಇಷ್ಟು ಚೊಕ್ಕದಾದ ವಿಮರ್ಶೆಯನ್ನು ನಾನು ಯಾವ ತಾಂತ್ರಿಕ ಪತ್ರಿಕೆಯಲ್ಲೂ ಓದಿಲ್ಲ.

ಈ ಸಲ ನಿಯಮ ಒಂದೇ: ಮಾತು ಕೇಳಿಸಬೇಕು, ಉಳಿದದ್ದೆಲ್ಲ ಆಮೇಲೆ. ಪರೀಕ್ಷೆಯನ್ನೂ ನಾನೇ ಮಾಡಿಕೊಂಡೆ. ಹಳೆಯ ವಾರ್ತೆಯ ಧಾರಣೆ ಭಾಗಗಳನ್ನು ಹುಡುಕಿ, ಅಮ್ಮನಿಗೆ ಪರದೆ ಕಾಣದಂತೆ ಕೂರಿಸಿ, 20 ಬೆಲೆ ಬರೆಯಲು ಹೇಳಿದೆ. ಕನ್ನಡದ ಸಂಖ್ಯೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಮೂವತ್ತು, ನಲವತ್ತು, ಐವತ್ತು, ಅರವತ್ತು ಎಲ್ಲದರ ಬಾಲವೂ ಒಂದೇ. ತಲೆ ನುಂಗಿಹೋದರೆ ಲಕ್ಷದ ಲೆಕ್ಕವೇ ತಪ್ಪುತ್ತದೆ. ಕೋಕವೋ ಗೋಟೋ (ಅದೂ ಅಡಿಕೆಯ ಒಂದು ಬಗೆ) ಎಂಬ ಗೊಂದಲ ಬೇರೆ. ಟಿವಿಯ ಸ್ವಂತ ಸ್ಪೀಕರಿನಲ್ಲಿ 20ಕ್ಕೆ 11 ಸರಿ ಬಂದವು.

ಅಂಗಡಿಗಳಲ್ಲಿ ಎಲ್ಲ ಕಡೆಯೂ ಒಂದೇ ನಾಟಕ. ಹೆಲಿಕಾಪ್ಟರ್ ತಲೆಯ ಮೇಲೆ ಹಾರುತ್ತದೆ, ಕಟ್ಟಡ ಕುಸಿಯುತ್ತದೆ, ಮಾರುವ ಹುಡುಗ ನಮ್ಮ ಮುಖ ನೋಡುತ್ತಾನೆ. ನಾನು ಮೊಬೈಲ್ ಕೊಟ್ಟು ‘ಇದನ್ನು ಹಾಕಿ’ ಎಂದೆ. ‘ರಾಶಿ ಕನಿಷ್ಠ, ಗರಿಷ್ಠ’ ಎಂದು ವಾರ್ತೆಯವಳು ಶುರುಮಾಡಿದಾಗ ಅಂಗಡಿಯಲ್ಲಿದ್ದ ನಾಲ್ಕು ಜನ ತಿರುಗಿ ನೋಡಿದರು. ಅವರಲ್ಲೊಬ್ಬರು ಹತ್ತಿರ ಬಂದು ‘ಇವತ್ತಿನದ್ದೇ?’ ಎಂದು ಕೇಳಿದರು. ಸಿನಿಮಾದ ಸ್ಫೋಟ ಎಲ್ಲ ಪೆಟ್ಟಿಗೆಯಲ್ಲೂ ಚೆನ್ನಾಗಿಯೇ ಕೇಳಿಸುತ್ತದೆ; ಒಬ್ಬಳು ಹೆಂಗಸು ಸಾದಾ ದನಿಯಲ್ಲಿ ಓದುವಾಗ ಪೆಟ್ಟಿಗೆಯ ಯೋಗ್ಯತೆ ಎರಡೇ ನಿಮಿಷದಲ್ಲಿ ಬಯಲಾಗುತ್ತದೆ. ದನಿ ಮೂಗಿನಿಂದ ಬಂದಂತಿದ್ದರೆ, ಸ ಎಂದಲ್ಲೆಲ್ಲ ಹಾವು ಬುಸುಗುಟ್ಟಿದಂತಿದ್ದರೆ, ಅದನ್ನು ಅಲ್ಲೇ ಬಿಟ್ಟು ಬರುವುದು.

ನನ್ನ ಮನಸ್ಸು ಇದ್ದದ್ದು ಸ್ಟೀರಿಯೊ ಕಡೆಗೆ. ಒಂದು ಜೊತೆ ಒಳ್ಳೆಯ ಸ್ಪೀಕರು, ಒಂದು ಆಂಪ್ಲಿಫೈಯರು; ಹಾಡು ಕೇಳುವವರಿಗೆ ಇವತ್ತಿಗೂ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ ಎಂದೇ ನನ್ನ ನಂಬಿಕೆ. ಗೆಳೆಯನಿಂದ ಒಂದು ವಾರಕ್ಕೆ ಎರವಲು ತಂದು, ಮನೆಗೆ ವೈರಿಂಗ್ ಮಾಡುವ 1.5 ಚದರ ಮಿ.ಮೀ. ತಾಮ್ರದ ತಂತಿಯನ್ನೇ ಎಳೆದು ಜೋಡಿಸಿದೆ (ಇಷ್ಟು ದೂರಕ್ಕೆ ದುಬಾರಿ ಕೇಬಲ್ಲಿನ ಅಗತ್ಯವಿಲ್ಲ). ಸೋಫಾದ ನಡುವೆ ಕುಳಿತವನಿಗೆ ವಾರ್ತೆಯವಳು ಪರದೆಯೊಳಗಿಂದಲೇ ಮಾತಾಡುತ್ತಿದ್ದಳು. ಎಡ ಬಲ ಎರಡರಲ್ಲೂ ಒಂದೇ ದನಿ ಒಟ್ಟಿಗೆ ಬಂದಾಗ ಮಿದುಳು ಅದನ್ನು ಮಧ್ಯಕ್ಕೆ ತಂದು ನಿಲ್ಲಿಸುತ್ತದೆ. ಆದರೆ ಅಮ್ಮ ಕೂರುವುದು ಕಿಟಕಿ ಪಕ್ಕ, ಬಲಗಡೆಯ ಸ್ಪೀಕರಿನ ಎದುರು. ಮೊದಲು ಯಾವುದು ಕಿವಿ ಮುಟ್ಟುತ್ತದೋ ಅಲ್ಲಿಂದಲೇ ದನಿ ಬಂತೆಂದು ಕಿವಿ ತೀರ್ಮಾನಿಸುತ್ತದೆ. ಎಡಗಡೆಯದು ಒಂದಿಷ್ಟು ತಡವಾಗಿ ಬಂದು ಮಾತನ್ನು ಕೊಂಚ ಕಲಕುತ್ತದೆ. 20ಕ್ಕೆ 15. ಕುರ್ಚಿಯನ್ನು ಮಧ್ಯಕ್ಕೆ ಎಳೆಯೋಣವೆಂದರೆ, ಕಿಟಕಿಯಿಂದ ದಣಪೆ ದಾಟಿ ಯಾರು ಬಂದರು ಎಂಬುದು ಕಾಣಬೇಕಲ್ಲ! ಅದು ವಾರ್ತೆಗಿಂತ ಮುಖ್ಯ.

ಹೀಗಾಗಿ ನಡುವೆ ಪ್ರತ್ಯೇಕ ಸ್ಪೀಕರ್ ಇರುವ 3.1 ಸೌಂಡ್‌ಬಾರ್ (ಟಿವಿಯ ಮುಂದಿಡುವ ಉದ್ದನೆಯ ಸ್ಪೀಕರ್ ಪಟ್ಟಿ) ತಂದೆ, 16 ಸಾವಿರಕ್ಕೆ. ಬಾರು ನೋಡಲು ಎಲ್ಲ ಒಂದೇ ಥರ, 2.1 ಎಂದು ಬರೆದಿದ್ದರೆ ನಡುವಿನ ಚಾನೆಲ್ ಇಲ್ಲವೆಂದೇ ಅರ್ಥ. 5.1 ಧ್ವನಿಯಿರುವ ಸಿನಿಮಾಗಳಲ್ಲಿ ಮಾತಿನ ಬಹುಪಾಲು ನಡುವಿನ ಚಾನೆಲ್ಲಿನಲ್ಲೇ ಇರುತ್ತದೆ. ವಾರ್ತೆಯಂಥ ಸ್ಟೀರಿಯೊದಲ್ಲಿ ಎರಡೂ ಕಡೆ ಸಮಾನವಾಗಿರುವುದನ್ನು ಗುರುತಿಸಿ ನಡುವಿಗೆ ಕಳಿಸುವ ಕೆಲಸವನ್ನು ಈ ಬಾರೇ ಮಾಡುತ್ತದೆ. ನಡುವಿನದನ್ನು ನಾಲ್ಕು ಮೆಟ್ಟಿಲು ಏರಿಸಿ, ಬೇಸನ್ನು ಬಹುತೇಕ ಕೊಂದು, ರಾತ್ರಿಯ ಮೋಡ್ ಹಾಕಿದೆ. ಗಟ್ಟಿಯದನ್ನು ತಗ್ಗಿಸಿ ಮೆಲ್ಲಗಿನದನ್ನು ಎತ್ತುವ ಈ ಮೋಡ್ ಸಿನಿಮಾಪ್ರಿಯರಿಗೆ ಅಪಚಾರ, ಅಮ್ಮಂದಿರಿಗೆ ವರ. ಒಂದು ಎಚ್ಚರ: ಟಿವಿಯ ಒಳಗಿನ ಆಯ್ಕೆಯಲ್ಲಿ ಧ್ವನಿ ‘ಪಿಸಿಎಂ’ ಎಂದಿದ್ದರೆ 5.1 ಕೂಡ ಎರಡೇ ಚಾನೆಲ್ಲಾಗಿ ಹೊರಬರುತ್ತದೆ. ನಮ್ಮದು ಹಾಗೇ ಇತ್ತು, ತಿಂಗಳುಗಟ್ಟಲೆ ನನಗೆ ಗೊತ್ತೇ ಆಗಲಿಲ್ಲ.

ಮೊದಲ ದಿನ ವೈರಿನ ರಗಳೆ ಬೇಡವೆಂದು ಬ್ಲೂಟೂತ್‌ನಲ್ಲಿ ಜೋಡಿಸಿದ್ದೆ. ವಾರ್ತೆಯವಳು ಬಾಯಿ ಮುಚ್ಚಿದ ಮೇಲೂ ಮಾತು ಮುಂದುವರಿಯಿತು. ಸಾಧಾರಣ ಬ್ಲೂಟೂತ್ ಧ್ವನಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹಿಂದುಳಿಯುವುದು ಸಾಮಾನ್ಯ. ಎಂಟನೇ ಒಂದು ಭಾಗ ದಾಟಿದರೇ ಕಣ್ಣಿಗೆ ಗೊತ್ತಾಗುತ್ತದೆ. ಕಿವಿ ಮಂದವಾದವರು ತಮಗೇ ತಿಳಿಯದಂತೆ ತುಟಿ ಓದುತ್ತಿರುತ್ತಾರೆ, ಅವರಿಗೆ ಇದು ದೊಡ್ಡ ಪೆಟ್ಟು. ಎಚ್‌ಡಿಎಂಐ ಎಆರ್‌ಸಿಗೆ, ಅಂದರೆ ಟಿವಿಯ ಧ್ವನಿಯನ್ನು ಎಚ್‌ಡಿಎಂಐ ವೈರಿನಲ್ಲೇ ಬಾರಿಗೆ ಕಳಿಸುವ ವ್ಯವಸ್ಥೆಗೆ, ಬದಲಾಯಿಸಿದೆ. 2009ರ ಎಚ್‌ಡಿಎಂಐ 1.4ರಿಂದ ಬಂದ ಸೌಲಭ್ಯ ಇದು. ಒಂದೇ ವೈರು, ಟಿವಿಯ ರಿಮೋಟಿನಿಂದಲೇ ಬಾರಿನ ವಾಲ್ಯೂಮ್. ಅದರ ಸುಧಾರಿತ ರೂಪವಾದ ಹೊಸ ಇಎಆರ್‌ಸಿ ಬೇಕೇ ಬೇಕೆಂದು ಮಾರುವವರು ಹೇಳುತ್ತಾರೆ. ಬ್ಲೂರೇ ತಟ್ಟೆ ಹಾಕುವವರಿಗೆ ಅದು ಉಪಯೋಗ. ಒಟಿಟಿ ನೋಡುವವರಿಗೆ, ಆಟ್‌ಮೋಸ್ (ತಲೆಯ ಮೇಲಿಂದಲೂ ಕೇಳಿಸುವ ಡಾಲ್ಬಿ ಧ್ವನಿ) ಸಮೇತ, ಹಳೆಯದೇ ಸಾಕು.

ಅಂಕ 18ಕ್ಕೆ ಏರಿತು. ಕೆಂಪು ರೆಡ್‌ಆಕ್ಸೈಡ್ ನೆಲದ ಮೇಲೆ ಹಳೆಯ ನವಲಗುಂದದ ಜಮಖಾನ ಹಾಸಿ, ಎದುರುಗೋಡೆಗೆ ದಪ್ಪನೆಯ ಪರದೆ ಇಳಿಬಿಟ್ಟ ಮೇಲೆ 19. ಅದಕ್ಕೂ ಮೊದಲು ಟಿವಿಯಿರುವ ಆ ಜಗಲಿಯಲ್ಲಿ ಚಪ್ಪಾಳೆ ತಟ್ಟಿದರೆ ‘ಟಣ್’ ಎಂದು ಬಾಲ ಉಳಿಯುತ್ತಿತ್ತು. ಬಾರನ್ನು ಗೋಡೆಗೂಡಿನ ಒಳಕ್ಕೆ ತಳ್ಳದೆ ಅಂಚಿಗೆ ಎಳೆದಿಡಬೇಕೆಂಬುದೂ ಆಗಲೇ ತಿಳಿದದ್ದು. ಒಳಗಿದ್ದರೆ ಕೊಡದೊಳಗೆ ಮುಖವಿಟ್ಟು ಮಾತಾಡಿದಂತೆ.

ಆಮೇಲೆ ಮೇ ತಿಂಗಳ ಸಿಡಿಲು ಬಂತು. ಮಲೆನಾಡಿನಲ್ಲಿ ಗುಡುಗು ಕೇಳಿದೊಡನೆ ಪ್ಲಗ್ಗು ಕೀಳುವುದು ಮಕ್ಕಳಿಗೂ ಗೊತ್ತು. ಪ್ಲಗ್ಗು ಕಿತ್ತಿದ್ದೆವು, ಸೂರಿನ ಮೇಲಿನ ಡಿಶ್ಶಿನ ವೈರು ಕೀಳಲಿಲ್ಲ. ಸೆಟ್‌ಟಾಪ್ ಬಾಕ್ಸು ಸುಟ್ಟಿತು, ಅದರ ಬೆನ್ನಿಗೆ ಟಿವಿಯ ಎಚ್‌ಡಿಎಂಐ ಕಿಂಡಿಗಳೂ ಸತ್ತವು. ಟಿವಿ ಬದುಕಿತ್ತು, ಆಪ್ಟಿಕಲ್ ಕಿಂಡಿಯಲ್ಲಿ ಕೆಂಪು ಬೆಳಕು ಹಾಗೇ ಉರಿಯುತ್ತಿತ್ತು. 1983ರಲ್ಲಿ ತೋಷಿಬಾ ತಂದ ಈ ಹಳೆಯ ಜೋಡಣೆಯಲ್ಲಿ ಹರಿಯುವುದು ಬೆಳಕು ಮಾತ್ರ, ಪ್ಲಾಸ್ಟಿಕ್ ಎಳೆಯೊಳಗೆ. ಸಿಡಿಲಿನ ವಿದ್ಯುತ್ತು ಅದರಲ್ಲಿ ದಾಟುವಂತಿಲ್ಲ. ಸಾಮಾನ್ಯ ಡಾಲ್ಬಿ 5.1 ಅದರಲ್ಲಿ ಬರುತ್ತದೆ, ನಮಗೆ ಅಷ್ಟು ಸಾಕು. ಹೋದದ್ದು ಒಂದೇ ರಿಮೋಟಿನ ಸುಖ. ಬಾರಿನ ರಿಮೋಟಿಗೆ ಅಮ್ಮ ಕೆಂಪು ದಾರ ಕಟ್ಟಿದ್ದಾಳೆ: ದಾರದ್ದು ದನಿಗೆ, ದಾರವಿಲ್ಲದ್ದು ಚಿತ್ರಕ್ಕೆ.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಅಡಿಕೆ ಒಣಗಿಸಲೆಂದು ಅಂಗಳಕ್ಕೆ ತಗಡಿನ ಶೀಟು ಹೊದಿಸಿದ್ದೇವೆ. ಅದರ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರೂ ಕೂಗಿ ಮಾತಾಡಬೇಕು. ಮೊಬೈಲಿನ ಮಾಪಕದಲ್ಲಿ ಅಮ್ಮನ ಕುರ್ಚಿಯ ಬಳಿ 68 ಡೆಸಿಬೆಲ್ ತೋರಿಸಿತು. ಅದು ಕರಾರುವಾಕ್ಕಲ್ಲ, ಹೋಲಿಕೆಗೆ ಸಾಕು. ಮಳೆಯ ಸದ್ದಿನಲ್ಲಿ ಎಲ್ಲ ಕಂಪನಗಳೂ ಇರುವುದರಿಂದ ಮೊದಲು ಮುಳುಗುವುದು ಅದೇ ತ, ಕ, ಸಗಳು. 16 ಸಾವಿರದ ಬಾರು ಪೂರ್ತಿ ಏರಿಸಿದರೂ 20ಕ್ಕೆ 12.

ಇನ್ನೂ ದೊಡ್ಡದನ್ನು ಕೊಳ್ಳುವ ಯೋಚನೆ ಬಂದದ್ದು ಸುಳ್ಳಲ್ಲ. ಲೆಕ್ಕ ಹಾಕಿದ ಮೇಲೆ ನಗು ಬಂತು. ವ್ಯಾಟು ಎರಡರಷ್ಟಾದರೆ ಏರುವುದು 3 ಡೆಸಿಬೆಲ್ ಮಾತ್ರ. ದೂರ ಅರ್ಧವಾದರೆ ಬಯಲಿನಲ್ಲಿ 6 ಡೆಸಿಬೆಲ್ ಸಿಗುತ್ತದೆ, ಕೋಣೆಯೊಳಗೆ ಕೊಂಚ ಕಡಿಮೆ. ಟಿವಿಯಿಂದ ಅಮ್ಮನ ಕುರ್ಚಿಗೆ 12 ಅಡಿ. ಸ್ಪೀಕರನ್ನು ಕಿವಿಯಿಂದ ಒಂದೂವರೆ ಅಡಿಗೆ ತಂದರೆ ದೂರ ಮೂರು ಸಲ ಅರ್ಧವಾಗುತ್ತದೆ, ಅಂದರೆ 18 ಡೆಸಿಬೆಲ್. ದೂರದ 64 ವ್ಯಾಟ್ ಮಾಡುವ ಕೆಲಸವನ್ನು ಹತ್ತಿರದ ಒಂದು ವ್ಯಾಟ್ ಮಾಡುತ್ತದೆ. ಕಂಪ್ಯೂಟರಿಗೆ ಹಾಕುವ 700 ರೂಪಾಯಿಯ ಪುಟ್ಟ ಸ್ಪೀಕರನ್ನು ಟಿವಿಯ ಹೆಡ್‌ಫೋನ್ ಕಿಂಡಿಗೆ ಸಿಕ್ಕಿಸಿ, ವೈರನ್ನು ಜಮಖಾನದಡಿ ಎಳೆದು, ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಎಲೆ ಅಡಿಕೆ ತಟ್ಟೆಯ ಜೊತೆಗಿಟ್ಟೆ. ನಮ್ಮ ಟಿವಿಯಲ್ಲಿ ಆ ಕಿಂಡಿಗೆ ಪಿನ್ನು ಚುಚ್ಚಿದರೂ ಆಪ್ಟಿಕಲ್ ದನಿ ನಿಲ್ಲುವುದಿಲ್ಲ, ಬಾರೂ ನಡೆಯುತ್ತದೆ. ಎಲ್ಲ ಟಿವಿಗಳೂ ಹೀಗಿಲ್ಲ, ಮೊದಲೇ ನೋಡಿಕೊಳ್ಳಬೇಕು.

ಆಷಾಢದ ಜಡಿಮಳೆಯ ಒಂದು ಸಂಜೆ ಪರೀಕ್ಷೆ ಮಾಡಿದೆವು. 20ಕ್ಕೆ 18. ತಪ್ಪಿದ ಎರಡರಲ್ಲಿ ಒಂದು, ವಾರ್ತೆಯವಳೇ ತಪ್ಪು ಓದಿದ್ದು ಎಂದು ಅಮ್ಮ ಇವತ್ತಿಗೂ ವಾದಿಸುತ್ತಾಳೆ. ಈಗ ಅವಳ ದೂರು ಬೇರೆಯದು. ಮಧ್ಯಾಹ್ನ ಊಟದ ಮೇಲೆ ಧಾರಾವಾಹಿ ಹಾಕಿಕೊಂಡು ಹಾಯಾಗಿ ನಿದ್ದೆ ಮಾಡುತ್ತಿದ್ದಳಂತೆ. ಈಗ ಆ ಅತ್ತೆ ಸೊಸೆಯರು ಕಿವಿಯ ಪಕ್ಕವೇ ಕೂತು ಜಗಳವಾಡುತ್ತಾರಂತೆ, ಎಲ್ಲ ಸ್ಪಷ್ಟವಾಗಿ ಕೇಳಿಸಿಬಿಡುತ್ತದಂತೆ.