ಹೊಸ ಬ್ಯಾಟರಿ ಹಾಕಿಸೋ ಮುಂಚೆ ಇದೊಂದ್ ನೋಡ್ಬಿಡಿ
ಬೈಕ್ ಬ್ಯಾಟರಿ ಪದೇ ಪದೇ ಡೌನ್ ಆಗ್ತಿದ್ರೆ ಸೀದಾ ಹೊಸದು ಹಾಕಿಸ್ಬೇಡಿ, ನಾನು ಹಂಗೇ ಮಾಡಿ ದುಡ್ಡು ಕಳ್ಕೊಂಡೆ. ವೋಲ್ಟ್ ಅಳೆಯೋ ಒಂದು ಮಲ್ಟಿಮೀಟರ್ ಸಾಕು, ಗಾಡಿ ಆಫ್ ಇದ್ದಾಗ ಬ್ಯಾಟರೀಲಿ 12.6 ವೋಲ್ಟ್ ಹತ್ರ ಇರ್ಬೇಕು, ಸ್ಟಾರ್ಟ್ ಮಾಡಿ ರೇಸ್ ಕೊಟ್ಟಾಗ 13.5ರಿಂದ 14.5 ಒಳಗೆ ಬರ್ಬೇಕು. ಏರ್ಲೇ ಇಲ್ಲ ಅಂದ್ರೆ ಚಾರ್ಜ್ ಆಗ್ತಿಲ್ಲ ಅಂತ, 15 ದಾಟಿದ್ರೆ ರೆಗ್ಯುಲೇಟರ್ (ಬ್ಯಾಟರಿಗೆ ಹೋಗೋ ವೋಲ್ಟೇಜ್ ಹಿಡಿತದಲ್ಲಿಡೋ ಪಾರ್ಟ್) ಮೇಲೇ ಡೌಟು.

ಚಾರ್ಜ್ ಆಗ್ತಿಲ್ಲ ಅಂದ್ರೆ ಗಾಡಿ ಆಫ್ ಮಾಡಿ, ಮೊದ್ಲು ಕಾಯಿಲ್‌ನಿಂದ (ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸೋದು) ರೆಗ್ಯುಲೇಟರ್‌ಗೆ ಹೋಗೋ ವೈರ್‌ಗಳ ಕಪ್ಲರ್, ಅಂದ್ರೆ ವೈರ್ ಜೋಡಿಸೋ ಕನೆಕ್ಟರ್, ಬಿಚ್ಚಿ ನೋಡಿ, ನನ್ ಗಾಡೀಲಿ ಅದೇ ಸುಟ್ಟು ಕರಕಲಾಗಿತ್ತು, ಮೆಕ್ಯಾನಿಕ್ ಅದನ್ನ ಮುಟ್ಟಿ ಕೂಡ ನೋಡಿರ್ಲಿಲ್ಲ! ಅದು ಚೆನ್ನಾಗಿದ್ರೆ, ಮೂರು ಹಳದಿ ವೈರ್ ಬರೋ ಗಾಡಿಗಳಲ್ಲಿ ಕಪ್ಲರ್ ಬಿಚ್ಚಿಟ್ಟೇ ಗಾಡಿ ಸ್ಟಾರ್ಟ್ ಮಾಡಿ, ಮೀಟರ್‌ನ ಎಸಿ ವೋಲ್ಟ್‌ಗೆ ಹಾಕಿ ಕಾಯಿಲ್ ಕಡೆಯ ಎರಡೆರಡು ವೈರ್ ಮಧ್ಯೆ ಚೆಕ್ ಮಾಡಿ, ಮೂರೂ ಸಲ ಹೆಚ್ಚುಕಮ್ಮಿ ಒಂದೇ ಬರ್ಬೇಕು, ಇಲ್ದಿದ್ರೆ ಕಾಯಿಲ್ ಹೋಗಿದೆ. ಶಾಕ್ ಹೊಡಿಯತ್ತೆ, ವೈರ್ ತುದಿ ಮುಟ್ಬೇಡಿ. ಇಂಜಿನ್ ಓಡ್ತಿರುವಾಗ ಬ್ಯಾಟರಿ ವೈರ್ ಅಂತೂ ತೆಗೀಲೇಬೇಡಿ.