ಮಾರುಕಟ್ಟೆ ತಣ್ಣಗಿರುವಾಗ ಹಿತ್ತಿಲನ್ನು ಬಿಲ್ಡರ್‌ಗೆ ಕೊಡುವುದು ಹೇಗೆ?

ಮಂಗಳೂರಿನ ಕದ್ರಿ, ಬಿಜೈ, ಮಣ್ಣಗುಡ್ಡ, ಅತ್ತಾವರದ ಒಳರಸ್ತೆಗಳಲ್ಲಿ ಇಪ್ಪತ್ತು ಮೂವತ್ತು ಸೆಂಟ್ಸ್ ಜಾಗ, ನಡುವೆ ಹಂಚಿನ ಮನೆ, ಹಿಂದೊಂದು ಬಾವಿ ಉಳಿಸಿಕೊಂಡ ಕುಟುಂಬಗಳು ಇನ್ನೂ ಇವೆ. ಮಕ್ಕಳು ಬೆಂಗಳೂರಲ್ಲೋ ದುಬೈಯಲ್ಲೋ ಇರುತ್ತಾರೆ. ಮಳೆಗೆ ಮುಂಚೆ ಮಾಡು ಹತ್ತಿ ಹಂಚು ಸರಿಮಾಡಲು ಆಳು ಸಿಗುವುದಿಲ್ಲ. ಅಂಥ ಮನೆಗೆ ಬಿಲ್ಡರ್ ಬಂದು ‘ಜಾಗ ನಿಮ್ಮದು, ಕಟ್ಟುವ ಖರ್ಚು ನಮ್ಮದು, ಫ್ಲ್ಯಾಟ್ ಹಂಚಿಕೊಳ್ಳುವ’ ಎಂದರೆ ಮನಸ್ಸು ಒಲಿಯುವುದು ಸಹಜ. ಜನ ‘ಜಾಯಿಂಟ್ ವೆಂಚರ್’ ಎನ್ನುವ ಜಂಟಿ ಅಭಿವೃದ್ಧಿ ಒಪ್ಪಂದ ಇದೇ.

ವ್ಯಾಪಾರ ಚುರುಕಾಗಿರುವಾಗ ಈ ಒಪ್ಪಂದದಲ್ಲಿ ದೋಷವಿದ್ದರೂ ಹೇಗೋ ದಾಟಿಹೋಗುತ್ತದೆ. ಮೊದಲೇ ಬುಕ್ ಮಾಡಿದವರ ಕಂತಿನ ಹಣದಲ್ಲಿ ಮುಂದಿನ ಸ್ಲ್ಯಾಬ್ ಏಳುತ್ತದೆ. ಕೊಳ್ಳುವವರು ನಿಂತರೆ ಸ್ಲ್ಯಾಬೂ ನಿಲ್ಲುತ್ತದೆ. ಮಂಗಳೂರಿನ ಫ್ಲ್ಯಾಟ್ ವ್ಯಾಪಾರಕ್ಕೆ ಹಣ ಬರುವುದು ಬಹಳಷ್ಟು ಮಟ್ಟಿಗೆ ಊರ ಹೊರಗಿನಿಂದ. ಹಾಗಾಗಿ 2009ರ ದುಬೈ ಬಿಕ್ಕಟ್ಟು, 2014ರ ಬಳಿಕ ಇಳಿದ ಕಚ್ಚಾತೈಲದ ದರ, 2016ರ ನೋಟು ರದ್ದತಿ, ಕೊರೊನಾ ಇವೆಲ್ಲ ಇಲ್ಲಿಗೂ ತಟ್ಟುವಂಥವು. 2020ರ ವಿಲೀನದಿಂದ ಪಾಂಡೇಶ್ವರದಲ್ಲಿದ್ದ ಕಾರ್ಪೊರೇಷನ್ ಬ್ಯಾಂಕಿನ ಪ್ರಧಾನ ಕಚೇರಿಯೂ ಇಲ್ಲವಾಯಿತು. 2025ರಲ್ಲಿ ಕೆಂಪುಕಲ್ಲು, ಮರಳಿಗೇ ತತ್ವಾರ ಬಂದು ದಕ್ಷಿಣ ಕನ್ನಡದಲ್ಲಿ ಕಟ್ಟಡ ಕೆಲಸದವರು ಕೈಕಟ್ಟಿ ಕೂರಬೇಕಾಯಿತು.

ಆದ್ದರಿಂದ ಬಿಲ್ಡರ್ ಎದುರು ಕುಳಿತಾಗ ‘ನಮಗೆ ಎಷ್ಟು ಪರ್ಸೆಂಟ್?’ ಎಂಬುದು ಮೊದಲ ಪ್ರಶ್ನೆಯಾಗಬಾರದು. ‘ಕೆಲಸ ನಡುವೆ ನಿಂತರೆ ನಮ್ಮ ಗತಿ ಏನು?’ ಎಂದು ಮೊದಲು ಕೇಳಿ. ಮುಂದಿನ ಹೆಜ್ಜೆಗಳೆಲ್ಲ ಈ ಪ್ರಶ್ನೆಯ ಬೆನ್ನು ಹಿಡಿದೇ ಸಾಗುತ್ತವೆ.

ಹೆಜ್ಜೆ 1: ಮನೆಯೊಳಗಿನ ಲೆಕ್ಕ ಮೊದಲು ಮುಗಿಸಿ

ಜಾಗ ಯಾರದ್ದು ಎಂಬುದು ನಮ್ಮ ಜಿಲ್ಲೆಯಲ್ಲಿ ಸುಲಭದ ಪ್ರಶ್ನೆಯಲ್ಲ. ತಾಯಿಯ ಕವಲಿನಲ್ಲಿ ಆಸ್ತಿ ಇಳಿದುಬರುವ ಅಳಿಯಸಂತಾನದ ಕುಟುಂಬವಾದರೆ ಹಳೆಯ ಪಾಲುಪಟ್ಟಿ ತೆಗೆದು ಅಜ್ಜಿಯ ಕವಲಿನ ಎಲ್ಲರ ಹಕ್ಕನ್ನೂ ನೋಡಬೇಕು. ಮೂಲಗೇಣಿ, ಅಂದರೆ ಶಾಶ್ವತ ಗೇಣಿಯ ಜಾಗವಾದರೆ ಅದನ್ನು ಗೇಣಿಗೆ ಕೊಟ್ಟ ಮೂಲಿದಾರರ ಹಕ್ಕಿನ ಪ್ರಶ್ನೆ ಏಳುತ್ತದೆ. ಗೇಣಿದಾರರಿಗೆ ಒಡೆತನ ಕೊಡಲು 2011ರ ಕಾಯ್ದೆ ಇದೆ, ಆದರೆ ನಿಮ್ಮ ಕಡತ ಎಲ್ಲಿದೆ ಎಂದು ವಕೀಲರಲ್ಲಿ ಖಚಿತ ಮಾಡಿಕೊಳ್ಳಿ. ಭೂಸುಧಾರಣೆಯ ಕಾಲದಲ್ಲಿ ಗೇಣಿದಾರರಿಗೆ ಡಿಕ್ಲರೇಷನ್‌ನಲ್ಲಿ ಬಂದ ಜಾಗಕ್ಕೆ ಅಧಿಭೋಗದ ಹಕ್ಕುಪತ್ರ, ಭೂಪರಿವರ್ತನೆಯ ಆದೇಶ ಎರಡೂ ಬೇಕು. ಇವುಗಳ ಜೊತೆಗೆ ಮೂವತ್ತು ವರ್ಷದ ಋಣಭಾರ ಪತ್ರ, ಇ-ಖಾತಾ, ಸರ್ವೆ ನಕ್ಷೆ ತೆಗೆಸಿ. ಹಳೆಯ ಕ್ರಯಪತ್ರದ ಸೆಂಟ್ಸಿಗೂ ಅಳತೆಯಲ್ಲಿ ಸಿಗುವ ಸೆಂಟ್ಸಿಗೂ ತಾಳೆಯಾಗದಿರುವುದು ಇಲ್ಲಿ ಮಾಮೂಲು, ಅದನ್ನು ಈಗಲೇ ಬಗೆಹರಿಸಿ.

ಅಣ್ಣತಮ್ಮ, ಅಕ್ಕತಂಗಿಯರ ನಡುವೆ ಯಾರಿಗೆ ಯಾವ ಫ್ಲ್ಯಾಟ್ ಎಂಬುದೂ ಈಗಲೇ ಲಿಖಿತವಾಗಿರಲಿ. ಗಲ್ಫ್‌ನಲ್ಲಿರುವವರು ಪವರ್ ಆಫ್ ಅಟಾರ್ನಿ ಕಳಿಸುವುದಾದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಬೇಕು. ಅದು ಭಾರತ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು.

ಹಿತ್ತಿಲಲ್ಲಿ ನಾಗಬನವೋ ದೈವದ ಕಟ್ಟೆಯೋ ಇದ್ದರೆ ‘ಆಮೇಲೆ ನೋಡುವ’ ಎಂದು ಬಿಡಬೇಡಿ. ನಕ್ಷೆಯಲ್ಲಿ ಅದರ ಗಡಿ, ಅಲ್ಲಿಗೆ ಹೋಗುವ ದಾರಿಯ ಅಗಲ, ತಂಬಿಲದ ಪೂಜೆಗೆ ಬರುವ ಕುಟುಂಬಸ್ಥರ ಹಕ್ಕು ಮೂರೂ ದಾಖಲಾಗಲಿ. ನಾಳೆ ಫ್ಲ್ಯಾಟ್ ಕೊಂಡವರು ಬೇರೆ ಊರಿನವರಿರಬಹುದು. ಬಾಯಿಮಾತಿನ ಒಪ್ಪಂದ ಅವರನ್ನು ಕಟ್ಟಿಹಾಕುವುದಿಲ್ಲ.

ಹೆಜ್ಜೆ 2: ಸಂಜೆ ಏಳರ ಮೇಲೆ ಸುತ್ತು ಹಾಕಿ

ನಿಮ್ಮ ರಸ್ತೆಯ ಆಸುಪಾಸಿನಲ್ಲಿ ಈಚೆಗೆ ಎದ್ದ ಕಟ್ಟಡಗಳಲ್ಲಿ ಎಷ್ಟು ಕಿಟಕಿಗಳಲ್ಲಿ ಬೆಳಕಿದೆ ನೋಡಿ. ಕತ್ತಲಿರುವ ಮನೆಗಳಲ್ಲಿ ಕೆಲವು ಗಲ್ಫ್‌ನವರದು, ಕೆಲವು ಮಾರಾಟವಾಗದೆ ಉಳಿದವು. ಯಾವುದು ಯಾವುದೆಂದು ವಾಚ್‌ಮನ್‌ಗೆ ಗೊತ್ತಿರುತ್ತದೆ. ಮೂರು ಬೆಡ್‌ರೂಮಿನವು ಖಾಲಿ ಬಿದ್ದು ಎರಡು ಬೆಡ್‌ರೂಮಿನವು ತುಂಬಿದ್ದರೆ ನಿಮ್ಮ ಪಾಲಿಗೆ ಯಾವುದು ಬೇಕೆಂಬುದಕ್ಕೆ ಅಲ್ಲೇ ಉತ್ತರ ಸಿಕ್ಕಿತು.

ಹೆಜ್ಜೆ 3: ಬಿಲ್ಡರ್‌ನ ಹಳೆಯ ಸೈಟಿಗೆ ಹೋಗಿ

ಮುಗಿದ ಕಟ್ಟಡವನ್ನು ಅವರೇ ತೋರಿಸುತ್ತಾರೆ. ನೀವು ನೋಡಬೇಕಾದ್ದು ನಡೆಯುತ್ತಿರುವ ಕೆಲಸವನ್ನು. ಎರಡನೇ ಸ್ಲ್ಯಾಬಿನ ಮೇಲೆ ನಿಂತ ಕಂಬದ ಕಬ್ಬಿಣಕ್ಕೆ ಸಿಮೆಂಟು ಹಾಲು ಬಳಿದಿದ್ದಾರೆಯೇ, ಅಥವಾ ತುಕ್ಕು ಪದರಪದರವಾಗಿ ಎದ್ದು ಸ್ಲ್ಯಾಬಿನ ಮೇಲೆ ಕೆಂಪು ಕಲೆ ಇಳಿದಿದೆಯೇ? ಸೆಂಟ್ರಿಂಗ್ ಹಲಗೆ ಬಿಚ್ಚದೆ ಹಾಗೇ ಉಳಿದು ಬಳ್ಳಿ ಹಬ್ಬಿದ್ದರೆ, ಆ ಕೆಲಸ ಕಡಿಮೆಯೆಂದರೆ ಒಂದು ಮಳೆಗಾಲದಿಂದ ನಿಂತಿದೆ. ಕಡಲ ಉಪ್ಪುಗಾಳಿಗೆ ಬಿಟ್ಟ ಕಬ್ಬಿಣದ ಮೇಲೆ ಮುಂದೆ ಎಂಥ ಒಳ್ಳೆಯ ಕಾಂಕ್ರೀಟ್ ಹಾಕಿದರೂ ಕೊರತೆ ಉಳಿಯಬಹುದು.

ಆಮೇಲೆ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಬಿಲ್ಡರ್ ಹೆಸರು ಹುಡುಕಿ. ಮುಗಿಸುವ ದಿನಾಂಕ ಎಷ್ಟು ಸಲ ಮುಂದೆ ಹೋಗಿದೆ, ಮೂರು ತಿಂಗಳಿಗೊಮ್ಮೆ ಕೊಡಬೇಕಾದ ವರದಿ ಕೊಟ್ಟಿದ್ದಾರೆಯೇ, ದೂರುಗಳಿವೆಯೇ ನೋಡಿ. ಜಾಗ 500 ಚದರ ಮೀಟರ್, ಅಂದರೆ ಸುಮಾರು ಹನ್ನೆರಡೂವರೆ ಸೆಂಟ್ಸ್ ಮೀರಿ, ಫ್ಲ್ಯಾಟುಗಳೂ ಎಂಟಕ್ಕಿಂತ ಹೆಚ್ಚಿದ್ದರೆ ರೇರಾ ನೋಂದಣಿ ಕಡ್ಡಾಯ. ಖರೀದಿದಾರರಿಂದ ಬಂದ ಹಣದಲ್ಲಿ ಶೇ 70ನ್ನು ಆ ಯೋಜನೆಯ ಪ್ರತ್ಯೇಕ ಖಾತೆಯಲ್ಲೇ ಇಡಬೇಕು. ಜಾಗದ ಮಾಲೀಕರು ಗಮನಿಸಬೇಕಾದ ಇನ್ನೊಂದು ಮಾತಿದೆ: ಕಟ್ಟುವವರು ಒಬ್ಬರು, ಮಾರುವವರು ಇನ್ನೊಬ್ಬರಾದರೆ ರೇರಾ ಕಾಯ್ದೆ ಇಬ್ಬರನ್ನೂ ಯೋಜನೆಗೆ ಹೊಣೆಗಾರರಾದ ಪ್ರವರ್ತಕರೆಂದೇ ನೋಡುತ್ತದೆ. ನಿಮ್ಮ ಪಾಲಿನ ಫ್ಲ್ಯಾಟನ್ನು ನೀವು ಮುಂಗಡವಾಗಿ ಮಾರಿದರೆ ಕೊಂಡವರು ನಿಮ್ಮನ್ನೂ ಪ್ರಶ್ನಿಸಬಹುದು.

ಹೆಜ್ಜೆ 4: ಒಪ್ಪಂದ

ಇಲ್ಲಿ ಅವಸರ ಬೇಡವೇ ಬೇಡ. ಬಿಲ್ಡರ್‌ನ ವಕೀಲರು ಬರೆದ ಕರಡನ್ನು ನಿಮ್ಮದೇ ವಕೀಲರು ಓದಲಿ, ಒಪ್ಪಂದ ನೋಂದಣಿಯಾಗಲಿ.

ಮಾರಾಟದ ಅಧಿಕಾರವನ್ನು ಒಂದೇ ಸಲಕ್ಕೆ ಕೊಡಬೇಡಿ. ತಳಪಾಯ ಮುಗಿದಾಗ ಬಿಲ್ಡರ್ ತನ್ನ ಪಾಲಿನ ಇಂತಿಷ್ಟು ಫ್ಲ್ಯಾಟ್ ಮಾರಬಹುದು, ಕೊನೆಯ ಸ್ಲ್ಯಾಬಿಗೆ ಇನ್ನಷ್ಟು, ಗಾರೆ ಮುಗಿದಾಗ ಮತ್ತಷ್ಟು ಎಂದು ಹಂತ ಕಟ್ಟಿ. ಕೊನೆಯ ಕೆಲವು ಫ್ಲ್ಯಾಟುಗಳನ್ನು ನಿಮ್ಮ ಪಾಲು ನಿಮ್ಮ ಕೈಸೇರಿದ ಮೇಲಷ್ಟೇ ಮಾರುವಂತಿರಲಿ. ವ್ಯಾಪಾರ ಮಂದವಾದ ಕಾಲದಲ್ಲಿ ನಿಮಗಿರುವ ಅತಿ ದೊಡ್ಡ ರಕ್ಷಣೆ ಇದೇ, ಪಾಲಿನಲ್ಲಿ ಎರಡು ಪರ್ಸೆಂಟ್ ಕಡಿಮೆಯಾದರೂ ಇದನ್ನು ಬಿಡಬೇಡಿ.

ಅಡಮಾನದ ಕಲಮನ್ನು ಎರಡು ಸಲ ಓದಿ. ವ್ಯಾಪಾರ ಇಲ್ಲದಾಗ ಬಿಲ್ಡರ್ ಬ್ಯಾಂಕಿನಿಂದ ಸಾಲ ತೆಗೆಯುತ್ತಾರೆ, ಬ್ಯಾಂಕು ಇಡೀ ಜಾಗವನ್ನೇ ಆಧಾರ ಕೇಳುತ್ತದೆ. ‘ಅಡಮಾನ ಜಾಗದಲ್ಲಿ ಬಿಲ್ಡರ್‌ನ ಪಾಲಿಗೆ ಸೇರಿದ ಅವಿಭಜಿತ ಹಕ್ಕಿಗೆ ಮಾತ್ರ, ಸಾಲದ ಹಣ ಈ ಕಟ್ಟಡಕ್ಕೆ ಮಾತ್ರ’ ಎಂಬ ಸಾಲಿಲ್ಲದೆ ಸಹಿ ಹಾಕಬೇಡಿ. ಜಾಮೀನಿಗೆ ನಿಮ್ಮ ಸಹಿ ಕೇಳಿದರೆ ಇಲ್ಲವೆನ್ನಿ.

ಮನೆ ಬಿಟ್ಟವರಿಗೆ ಬಿಲ್ಡರ್ ಕೊಡುವ ಬಾಡಿಗೆ ‘ಇಪ್ಪತ್ತನಾಲ್ಕು ತಿಂಗಳು’ ಎಂದಿದ್ದರೆ ‘ಫ್ಲ್ಯಾಟ್ ಒಪ್ಪಿಸುವವರೆಗೆ’ ಎಂದು ತಿದ್ದಿಸಿ. ಬಿಲ್ಡರ್ ನಿಮಗೆ ಕೊಡುವ ಠೇವಣಿ ಹಿಂದಿರುಗಿಸಬೇಕಾದದ್ದಾದರೆ ಅದು ಸಾಲ, ಮದುವೆಗೆಂದು ಖರ್ಚು ಮಾಡಿದರೆ ಫ್ಲ್ಯಾಟಿನ ಕೀಲಿ ಪಡೆಯುವ ದಿನ ಹೊಂದಿಸಬೇಕಾಗುತ್ತದೆ. ಇಷ್ಟು ತಿಂಗಳು ಕೆಲಸ ನಿಂತರೆ ನೋಟಿಸು, ಆಮೇಲೆ ಒಪ್ಪಂದ ರದ್ದು, ಅಲ್ಲಿವರೆಗಿನ ಕೆಲಸಕ್ಕೆ ಬೆಲೆ ಕಟ್ಟುವ ಎಂಜಿನಿಯರ್ ಯಾರು ಎಂಬುದೆಲ್ಲ ಬರಹದಲ್ಲಿರಲಿ. ಮರಳು, ಕಲ್ಲು ಸಿಗದೆ ಆಗುವ ವಿಳಂಬಕ್ಕೆ ಬಿಲ್ಡರ್ ವಿನಾಯಿತಿ ಕೇಳುವುದು ನ್ಯಾಯವೇ, ಆದರೆ ಅದಕ್ಕೂ ತಿಂಗಳ ಮಿತಿ ಇರಬೇಕು.

ಹೆಜ್ಜೆ 5: ಪರವಾನಗಿ ಬಂದ ಮೇಲೆಯೇ ಹಂಚು ಇಳಿಸಿ

ಮುಡಾದ (ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ, ಪಾಲಿಕೆಯ ಕಟ್ಟಡ ಪರವಾನಗಿ, ಎತ್ತರದ ಕಟ್ಟಡವಾದರೆ ಅಗ್ನಿಶಾಮಕ ಇಲಾಖೆ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರದ ನಿರಾಕ್ಷೇಪಣೆ, ನೇತ್ರಾವತಿ ಅಥವಾ ಫಲ್ಗುಣಿ ದಡದ ಹತ್ತಿರವಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿ, ಕೊನೆಗೆ ರೇರಾ ಸಂಖ್ಯೆ. ಇವು ಕೈಗೆ ಬರುವವರೆಗೆ ಮನೆ ಖಾಲಿ ಮಾಡಬೇಡಿ. ಸೋರುವ ಮನೆಯಾದರೂ ಅದು ಮನೆಯೇ, ಬಾಡಿಗೆ ಬರುವ ಮನೆಯಾದರೆ ಇನ್ನೂ ಮೇಲು. ಕೆಡವಿದ ಮರುದಿನದಿಂದ ಚೌಕಾಸಿಯ ಬಲ ಬಿಲ್ಡರ್ ಕಡೆ ವಾಲುತ್ತದೆ.

ಅಗೆತದ ಕಾಲವೂ ಮುಖ್ಯ. ನಮ್ಮದು ಗುಡ್ಡದ ಇಳಿಜಾರಿನ ಊರು. ಮಾರ್ಚ್ ಕೊನೆಗೆ ಗುಡ್ಡ ಕಡಿಯಲು ಹೊರಟರೆ ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ತಡೆಗೋಡೆ ಏಳುವುದು ಕಷ್ಟ. ಹೊಂಡ ತುಂಬಿ ಪಕ್ಕದ ಮನೆಯ ಪಾಗಾರ ಜರಿದರೆ ಕೇಸು ಜಾಗದ ಮಾಲೀಕರ ಹೆಸರಿಗೂ ಬರಬಹುದು. ಮಳೆ ಮುಗಿದು ಅಕ್ಟೋಬರ್, ನವೆಂಬರಿನಲ್ಲಿ ಶುರುಮಾಡಿಸಿ.

ಹೆಜ್ಜೆ 6: ತೆರಿಗೆ

ಆಡಿಟರ್ ಬಳಿ ಸಹಿಗೆ ಮುಂಚೆ ಹೋಗಿ. ಒಪ್ಪಂದ ನೋಂದಣಿಯಾಗಿದ್ದರೆ ವ್ಯಕ್ತಿಗಳಿಗೂ ಹಿಂದೂ ಅವಿಭಕ್ತ ಕುಟುಂಬಕ್ಕೂ ಬಂಡವಾಳ ಲಾಭದ ತೆರಿಗೆ ಬರುವುದು ಕಂಪ್ಲೀಷನ್ ಸರ್ಟಿಫಿಕೇಟ್ ಸಿಕ್ಕ ವರ್ಷದಲ್ಲಿ. ಅದಕ್ಕೆ ಮುಂಚೆ ನಿಮ್ಮ ಪಾಲನ್ನು ಮಾರಿದರೆ ಈ ಅನುಕೂಲ ಕೈತಪ್ಪುತ್ತದೆ. ನಿಮ್ಮ ಪಾಲಿನ ಫ್ಲ್ಯಾಟುಗಳ ಜಿಎಸ್‌ಟಿ ಯಾರ ಜೇಬಿನಿಂದ ಎಂಬುದನ್ನೂ ಒಪ್ಪಂದದಲ್ಲೇ ಬರೆಸಿ.

ಹೆಜ್ಜೆ 7: ಕೀಲಿ ಪಡೆಯುವ ದಿನ

ಬಣ್ಣ, ಟೈಲ್ಸ್ ನೋಡಿ ಮಾತ್ರ ಕೀಲಿ ತೆಗೆದುಕೊಳ್ಳಬೇಡಿ. ಕಂಪ್ಲೀಷನ್ ಸರ್ಟಿಫಿಕೇಟ್, ಡೋರ್ ನಂಬರ್, ಪ್ರತಿ ಫ್ಲ್ಯಾಟಿಗೂ ಖಾತಾ, ನೀರು ಮತ್ತು ಮೆಸ್ಕಾಂ ವಿದ್ಯುತ್ ಸಂಪರ್ಕ ಇವೆಯೇ ಕೇಳಿ. ಕೀಲಿ ಪಡೆದ ಮೇಲೂ ಒಂದು ಜೋರು ಮಳೆಗಾಲದ ಬಳಿಕ ಟೆರೇಸಿನ ಕೆಳಗಿನ ಫ್ಲ್ಯಾಟ್, ಪಡುವಣ ಗೋಡೆ, ಕಿಟಕಿಯ ಸಂದು ಇವನ್ನು ಮತ್ತೊಮ್ಮೆ ಪರೀಕ್ಷಿಸಿ. ಕೆಲಸದ ಗುಣಮಟ್ಟದ ದೋಷಕ್ಕೆ ಐದು ವರ್ಷದವರೆಗೆ ಬಿಲ್ಡರ್ ಹೊಣೆ ಎಂದು ರೇರಾ ಹೇಳುತ್ತದೆ. ದೋಷ ಕಂಡ ಕೂಡಲೇ ಫೋಟೊ ತೆಗೆದು ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅಸೋಸಿಯೇಷನ್ ಬೈಲಾ ಬರೆಯುವ ಸಭೆಗೆ ಕುಟುಂಬದಿಂದ ಒಬ್ಬರಾದರೂ ಹೋಗಿ, ಬಾವಿಯ ನೀರಿನ ಹಕ್ಕು ಮತ್ತು ಬನದ ದಾರಿ ಅದರಲ್ಲೂ ಸೇರಿದೆಯೇ ಎಂದು ನೋಡಿಯೇ ಸಹಿ ಹಾಕಿ.